ನಾಣ್ಯಕ್ಕೆ ಓಟು, ಮನುಷ್ಯನಿಗೆ ಪಾಠ

ಬ್ಲಾಕ್‌ಚೈನ್ ಎಂಬ ಹೊಸ ಲೆಕ್ಕದ ವ್ಯವಸ್ಥೆಯನ್ನು ಕಟ್ಟಿದ ಮಹನೀಯರು ಕೆಲವು ವರ್ಷಗಳಿಂದ ಒಂದು ವ್ಯಥೆಯನ್ನು ತೋಡಿಕೊಳ್ಳುತ್ತಿದ್ದಾರೆ. ತಮ್ಮ ವ್ಯವಸ್ಥೆಯ ಆಡಳಿತದಲ್ಲಿ ಸಾಮಾನ್ಯ ಜನ ಭಾಗವಹಿಸುತ್ತಿಲ್ಲವಂತೆ. ಠರಾವು ಮುಂದಿಟ್ಟರೆ ಓದುವುದಿಲ್ಲವಂತೆ, ಓದಿದರೆ ತಿಳಿಯುವುದಿಲ್ಲವಂತೆ, ತಿಳಿದರೂ ಮತ ಹಾಕಲು ಬರುವುದಿಲ್ಲವಂತೆ. ಇದಕ್ಕೆ ಕಾರಣವನ್ನೂ ಅವರೇ ಕಂಡುಹಿಡಿದಿದ್ದಾರೆ: ಜನಕ್ಕೆ ತಾಂತ್ರಿಕ ಜ್ಞಾನವಿಲ್ಲ. ಪರಿಹಾರವೂ ಸಿದ್ಧವಾಗಿದೆ: ಜನಕ್ಕೆ ಪಾಠ ಹೇಳಬೇಕು, ಠರಾವಿನ ಸಾರಾಂಶ ಬರೆದು ಹಂಚಬೇಕು, ಒತ್ತುವ ಗುಂಡಿಗಳನ್ನು ದೊಡ್ಡದು ಮಾಡಿ ಬಣ್ಣ ಹಚ್ಚಬೇಕು. ಇಷ್ಟಾದರೆ ಪ್ರಜಾಪ್ರಭುತ್ವ ತಾನಾಗಿಯೇ ಬಂದು ಕೂರುವುದಂತೆ.

ಎಂಟು ವರ್ಷ ಸೀಮೆಸುಣ್ಣ ಹಿಡಿದವನು ನಾನು. ಪಾಠ ಹೇಳುವ ಕೆಲಸವನ್ನು ಹೀಯಾಳಿಸುವುದಿಲ್ಲ. ಆದರೆ ಶಾಲೆಯಲ್ಲಿ ನಾನೇ ಕಲಿತ ಒಂದು ಪಾಠವುಂಟು. ಇಡೀ ತರಗತಿ ನಪಾಸಾದರೆ ಮಕ್ಕಳ ಕಿವಿ ಹಿಂಡುವುದಕ್ಕೆ ಮೊದಲು ಪ್ರಶ್ನೆಪತ್ರಿಕೆಯನ್ನು ಒಮ್ಮೆ ತೆಗೆದು ನೋಡಬೇಕು.

ಇದೆಲ್ಲ ನಮಗೇಕೆ ಎಂದು ಗಿರಣಿಯ ಬಂಧುಗಳೂ ಬಜಾರದ ಬಂಧುಗಳೂ ಕೇಳಬಹುದು. ಕೇಳಬೇಕಾದ ಮಾತೇ. ಕಳೆದ ತಿಂಗಳು ಯೂನಿಯನ್ ಕಚೇರಿಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂದ. ತಂದೆ ಜಿನ್ನಿನಲ್ಲಿ ಅರಳೆಯ ಅಂಡಿಗೆ ಹೊತ್ತು ಓದಿಸಿದ ಹುಡುಗ. ಈಗ ಕಿರಾಣಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ. ಪಗಾರದಲ್ಲಿ ಉಳಿಸಿ ಮೂರು ವರ್ಷದ ಹಿಂದೆ ಯಾವುದೋ ಒಂದು ನಾಣ್ಯ ಕೊಂಡಿದ್ದನಂತೆ. ಮೊಬೈಲು ತೆಗೆದು ಮುಂದೆ ಹಿಡಿದು, "ಮಾಸ್ತರ್ರ, ಇದರಾಗ ನನಗೂ ಓಟು ಐತ್ರಿ" ಎಂದ. ಅವನ ಮುಖದಲ್ಲಿ ಮೊದಲ ಸಲ ಮತಪಟ್ಟಿಯಲ್ಲಿ ಹೆಸರು ಬಂದವನ ಸಂತೋಷವಿತ್ತು. ನೋಡಿದೆ. ಹದಿಮೂರು ಪುಟದ ಇಂಗ್ಲಿಷ್ ಠರಾವು. "ಇದರಾಗ ಏನ್ ಬರದಾರ್ರಿ?" ಎಂದು ಕೇಳಿದ. ಎರಡು ಸಲ ಓದಿದೆ. ಸತ್ಯ ಹೇಳುತ್ತೇನೆ, ನನಗೆ ತಿಳಿಯಲಿಲ್ಲ. "ಮತ್ತ ನೀ ಏನು ಒತ್ತಿದಿ?" ಎಂದರೆ, "ಮ್ಯಾಲಿನ ಗುಂಡಿ ಒತ್ತೀನ್ರಿ" ಎಂದ. ಕೆಳಗೆ ಮತ ಹಾಕಿದವರ ಪಟ್ಟಿಯಿತ್ತು. ಇವನ ಹೆಸರಿಗೆ ನಲವತ್ತು ಮತ. ಪಟ್ಟಿಯ ತಲೆಯ ಮೇಲೆ ಹೆಸರಿಲ್ಲದ ಒಂದು ಖಾತೆ. ಅದರ ಮುಂದೆ ಹನ್ನೊಂದು ಲಕ್ಷ.

"ಅಷ್ಟು ಮಂದಿ ಕೂಡಿ ಹಾಕ್ಯಾರೇನ್ರಿ?"

"ಅಲ್ಲಪ್ಪ, ಅದು ಒಂದೇ ಖಾತೆ."

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಹಂಗಾರ ನಂದು ಯಾತಕ್ಕ ಬೇಕ್ರಿ?" ಎಂದ.

ಆ ಹುಡುಗನ ಪ್ರಶ್ನೆಗೆ ಉತ್ತರ ಹೇಳಲು ಈ ಲೇಖನ ಬರೆಯುತ್ತಿದ್ದೇನೆ.

ಬಜಾರದವರಿಗೆ ಬ್ಲಾಕ್‌ಚೈನ್ ಎಂದರೇನೆಂದು ಹೇಳುವುದು ಕಷ್ಟವಲ್ಲ. ನಿಮ್ಮ ಅಂಗಡಿಯಲ್ಲಿ ಕಿರ್ದಿ ಇದೆಯಷ್ಟೆ. ಆ ಕಿರ್ದಿಯ ಪ್ರತಿ ನಿಮ್ಮೊಬ್ಬರ ಗಾದಿಯ ಮೇಲೆ ಮಾತ್ರವಲ್ಲ, ಸಾವಿರ ಅಂಗಡಿಗಳಲ್ಲಿ ಇದೆಯೆಂದು ತಿಳಿಯಿರಿ. ಒಂದು ಪುಟದ ಶಿಲ್ಕನ್ನು ಮುಂದಿನ ಪುಟದ ತಲೆಗೆ ಎತ್ತಿ ಬರೆಯುವಂತೆ, ಪ್ರತಿ ಪುಟದಲ್ಲೂ ಹಿಂದಿನ ಪುಟದ ಗುರುತು ಸೇರಿರುತ್ತದೆ. ಯಾವನೋ ಒಬ್ಬ ಹಳೆಯ ಪುಟ ತಿದ್ದಿದರೆ ಉಳಿದ ಪುಸ್ತಕಗಳಿಗೆ ತಾಳೆಯಾಗದೆ ಅವನ ಕಳ್ಳತನ ಅಲ್ಲೇ ಹೊರಬೀಳುತ್ತದೆ. 2009ರಲ್ಲಿ ಬಿಟ್‌ಕಾಯಿನ್ ಹೀಗೆ ಹುಟ್ಟಿತು. 2015ರಲ್ಲಿ ಎಥೀರಿಯಂ ಬಂದು, ಕಿರ್ದಿಯಲ್ಲಿ ಜಮಾ ಖರ್ಚಷ್ಟೇ ಅಲ್ಲ, ಕರಾರನ್ನೂ ಬರೆದಿಡಬಹುದು, ಷರತ್ತು ಪೂರೈಸಿದ ಗಳಿಗೆಯಲ್ಲಿ ಕರಾರು ತಾನೇ ಜಾರಿಯಾಗುತ್ತದೆ ಎಂದು ತೋರಿಸಿತು. ಉಪಾಯ ಚೆನ್ನಾಗಿದೆ. ಅದರ ಮೇಲೆ ನನ್ನ ತಕರಾರಿಲ್ಲ. ಯಂತ್ರವನ್ನು ಬೈಯುವುದು ಸಮಾಜವಾದಿಯ ಕೆಲಸವಲ್ಲ. ಆದರೆ ಕಿರ್ದಿಯ ನಿಯಮವನ್ನು ಬದಲಿಸುವವರು ಯಾರು? ಕೂಡಿಬಿದ್ದ ನಿಧಿಯನ್ನು ಖರ್ಚು ಮಾಡುವವರು ಯಾರು? ಈ ಎರಡು ಪ್ರಶ್ನೆಗಳಿಗೆ ಅವರು ಕೊಟ್ಟ ಉತ್ತರದ ಹೆಸರೇ ಸಮುದಾಯದ ಆಡಳಿತ.

ಮೊದಲ ದೊಡ್ಡ ಪ್ರಯೋಗ ನಡೆದದ್ದು 2016ರಲ್ಲಿ. "ದಿ ಡಾವೊ" ಎಂದು ಅದಕ್ಕೆ ಹೆಸರು. ಮೇನೇಜರನಿಲ್ಲದ ಸಂಸ್ಥೆ, ಹಣ ಹಾಕಿದವರೇ ಮತ ಹಾಕಿ ನಡೆಸತಕ್ಕದ್ದು ಎಂದು ಸಾರಿದರು. ಒಂದು ತಿಂಗಳೊಳಗೆ ಸುಮಾರು 15 ಕೋಟಿ ಡಾಲರು ಕೂಡಿತು. ಆ ಸಂಸ್ಥೆ ತನ್ನ ವಿವರಣೆಯಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿತ್ತು: ಇಲ್ಲಿ ಮನುಷ್ಯರ ಭಾಷೆಯಲ್ಲಿ ಬರೆದಿರುವುದೆಲ್ಲ ಬರಿಯ ತಿಳಿವಳಿಕೆಗಾಗಿ, ನಿಜವಾದ ಕರಾರು ಯಂತ್ರದ ಸಂಕೇತದಲ್ಲಿದೆ, ಎರಡಕ್ಕೂ ವ್ಯತ್ಯಾಸ ಬಂದರೆ ಸಂಕೇತವೇ ಊರ್ಜಿತ. ಇಂಥ ಕರಾರನ್ನು ನಮ್ಮ ಅಜ್ಜಂದಿರು ಕಂಡಿರಲಿಲ್ಲವೇ? ಸಾವಕಾರ ಬಾಯಲ್ಲಿ ಹೇಳಿದ್ದು ಒಂದು, ಕಾಗದದಲ್ಲಿ ಬರೆದದ್ದು ಇನ್ನೊಂದು, ಹೆಬ್ಬೆಟ್ಟು ಬಿದ್ದದ್ದು ಕಾಗದದ ಮೇಲೆ. 2016ರ ಜೂನ್ 17ರಂದು ಯಾರೋ ಒಬ್ಬ ಆ ಸಂಕೇತದಲ್ಲಿದ್ದ ಒಂದು ಸಂದಿನಿಂದ 36 ಲಕ್ಷ ಈಥರ್ ನಾಣ್ಯಗಳನ್ನು, ಅಂದರೆ ಇದ್ದ ನಿಧಿಯಲ್ಲಿ ಸುಮಾರು ಮೂರರಲ್ಲೊಂದು ಪಾಲನ್ನು, ಹೊರಗೆಳೆದುಕೊಂಡ. ಸಂಕೇತವೇ ಊರ್ಜಿತವಾದರೆ ಅದು ಕಳ್ಳತನ ಹೇಗಾದೀತು? ಈ ಪ್ರಶ್ನೆ ಬಂದಾಗ ದೊಡ್ಡವರು ತಮ್ಮ ತತ್ತ್ವವನ್ನು ಮಡಿಚಿಟ್ಟರು. ಜುಲೈ 20ರಂದು ಕಿರ್ದಿಯನ್ನೇ ಕವಲೊಡೆಸಿ, ಹೋದ ಹಣವನ್ನು ಹಿಂದಕ್ಕೆ ತಂದರು. ಒಪ್ಪದವರು ಹಳೆಯ ಕಿರ್ದಿಯನ್ನೇ ಹಿಡಿದು ನಿಂತರು. ಅದು ಎಥೀರಿಯಂ ಕ್ಲಾಸಿಕ್ ಎಂಬ ಹೆಸರಿನಲ್ಲಿ ಬೇರೆಯಾಯಿತು. ಕವಲೊಡೆಯುವ ಮೊದಲು ನಾಣ್ಯದ ತೂಕದ ಮೇಲೆ ಒಂದು ಅಭಿಪ್ರಾಯ ಸಂಗ್ರಹ ಮಾಡಿದ್ದರು. ಬಹುಮತ ಬಂತು ನಿಜ; ಆದರೆ ಚಲಾವಣೆಯಲ್ಲಿದ್ದ ನಾಣ್ಯಗಳಲ್ಲಿ ನೂರಕ್ಕೆ ಹತ್ತು ಕೂಡ ಮತಕ್ಕೆ ಬಂದಿರಲಿಲ್ಲ. ಹಣ ವಾಪಸು ಬಂದದ್ದು ತಪ್ಪೆಂದು ನಾನು ಹೇಳುವುದಿಲ್ಲ. ಸಂಕಟ ಬಂದಾಗ ಮನುಷ್ಯರು ಕೂತು ಮಾತಾಡಿ ತೀರ್ಮಾನಿಸಿದರು. ಹಾಗಿದ್ದ ಮೇಲೆ ಸಂಕೇತವೇ ದೇವರೆಂದು ನಮಗೆ ಹೇಳಿದ್ದೇಕೆ?

ಗಿರಣಿಯ ಹಿರಿಯರಿಗೆ 1946ರ ಸ್ಥಾಯಿ ಆಜ್ಞೆಗಳ ಕಾಯ್ದೆ ನೆನಪಿರಬೇಕು. ಕೆಲಸದ ವೇಳೆ, ರಜೆ, ದಂಡ, ವಜಾ ಮುಂತಾದ ನಿಯಮಗಳನ್ನು ಮಾಲೀಕ ಬರೆದು ಮಂಜೂರು ಮಾಡಿಸಬೇಕು. ಮಾಡಿಸಿದ ಮೇಲೆ ಇಂಗ್ಲಿಷಿನಲ್ಲಿಯೂ, ಹೆಚ್ಚಿನ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿಯೂ, ಅವರು ಒಳಗೆ ಬರುವ ಬಾಗಿಲ ಬಳಿ ಹಲಗೆಯ ಮೇಲೆ ಎದ್ದುಕಾಣುವಂತೆ ಹಚ್ಚಬೇಕು ಎಂದು ಆ ಕಾಯ್ದೆಯಲ್ಲಿತ್ತು. ಎಷ್ಟು ಗಿರಣಿಗಳಲ್ಲಿ ಆ ಹಲಗೆಯ ಮೇಲೆ ಧೂಳು ಕೂತಿತ್ತು ಎಂಬುದು ಬೇರೆ ಮಾತು. ಆದರೆ ತತ್ತ್ವವನ್ನು ನೋಡಿ. ಕಾರ್ಮಿಕ ಮೊದಲು ಇಂಗ್ಲಿಷ್ ಕಲಿಯಲಿ, ಆಮೇಲೆ ನಿಯಮ ಓದಲಿ ಎಂದು ಕಾಯ್ದೆ ಹೇಳಲಿಲ್ಲ. ನಿಯಮವೇ ಇಳಿದು ಅವನ ಭಾಷೆಗೆ ಬರಬೇಕು, ಅವನು ನಡೆಯುವ ದಾರಿಯಲ್ಲಿ ನಿಲ್ಲಬೇಕು ಎಂದಿತು. ಡಾ. ಲೋಹಿಯಾ ಇಂಗ್ಲಿಷಿನ ವಿರುದ್ಧ ಎದ್ದುನಿಂತದ್ದೂ ಭಾಷೆಯ ಮೇಲಿನ ಸಿಟ್ಟಿಗಲ್ಲ. ಸರಕಾರದ ಕಡತ ಓದಲು ಬಾರದವನನ್ನು ಸರಕಾರದಿಂದ ಹೊರಗಿಟ್ಟಂತೆ ಎಂಬ ಸಾದಾ ಲೆಕ್ಕಕ್ಕಾಗಿ. ಈಗ ಇಂಗ್ಲಿಷಿನ ಮೇಲೆ ಇನ್ನೊಂದು ಗೋಡೆ ಎದ್ದಿದೆ. ಇಂಗ್ಲಿಷ್ ಬಲ್ಲವನೂ ಸಂಕೇತ ಬಲ್ಲವನ ಕಾಲಕೆಳಗೆ.

ಓದಲಾರದ ಠರಾವಿನಿಂದ ಏನಾಗುತ್ತದೆಂಬುದಕ್ಕೆ ಬೀನ್‌ಸ್ಟಾಕ್ ಎಂಬ ಸಂಸ್ಥೆಯ ಕಥೆ ಕೇಳಿ. 2022ರ ಏಪ್ರಿಲ್ ತಿಂಗಳು. ಒಬ್ಬ ಅಜ್ಞಾತ ವ್ಯಕ್ತಿ ಅಲ್ಲಿ ಎರಡು ಠರಾವು ಮಂಡಿಸಿದ. ಒಂದರ ಹೆಸರು ಕೇಳಿದರೆ ಯಾರೂ ಬೇಡವೆನ್ನಲಾರರು: ಯುದ್ಧಪೀಡಿತ ಯುಕ್ರೇನಿಗೆ ದೇಣಿಗೆ. ಹೊಟ್ಟೆಯೊಳಗಿದ್ದದ್ದು ಬೇರೆ: ನಿಧಿಯನ್ನೆಲ್ಲ ನನ್ನ ಖಾತೆಗೆ ಕಳುಹಿಸು. ಆ ಸಂಸ್ಥೆಯಲ್ಲಿ ತುರ್ತು ಠರಾವಿಗೆ ಒಂದು ದಿನದ ಗಡುವು ಕಳೆದಿರಬೇಕು, ಮೂರರಲ್ಲೆರಡು ಪಾಲು ಮತ ಸಿಗಬೇಕು. ಆ ಒಂದು ದಿನ ಠರಾವು ಎಲ್ಲರ ಕಣ್ಣ ಮುಂದೆಯೇ ಇತ್ತು. ಯಾರೂ ತಡೆಯಲಿಲ್ಲ. ಏಪ್ರಿಲ್ 17ರಂದು ಆತ ಸುಮಾರು 100 ಕೋಟಿ ಡಾಲರು ಕೈಗಡ ತಂದು, ಆ ಹಣದಿಂದ ಮೂರರಲ್ಲೆರಡಕ್ಕಿಂತ ಹೆಚ್ಚು ಮತ ಸಂಪಾದಿಸಿ, ತನ್ನ ಠರಾವನ್ನು ತಾನೇ ಪಾಸು ಮಾಡಿ, ನಿಧಿಯನ್ನು ಬಾಚಿಕೊಂಡು, ತಂದ ಸಾಲವನ್ನು ಹಿಂದಿರುಗಿಸಿದ. ಇಷ್ಟೂ ಒಂದೇ ವ್ಯವಹಾರದಲ್ಲಿ, ಕೆಲವೇ ಕ್ಷಣಗಳಲ್ಲಿ ಮುಗಿಯಿತು. ಅವನ ಕೈಗೆ ಸುಮಾರು 7.6 ಕೋಟಿ ಡಾಲರು ಹತ್ತಿತು. ಸಂಸ್ಥೆಗಾದ ನಷ್ಟ ಸುಮಾರು 18 ಕೋಟಿ. ಯುಕ್ರೇನಿಗೆ ಎರಡೂವರೆ ಲಕ್ಷ ಡಾಲರು ಕಳುಹಿಸಿದ್ದೂ ನಿಜ. ಪುಣ್ಯಾತ್ಮ, ಠರಾವಿನ ಆ ಭಾಗಕ್ಕೆ ಸುಳ್ಳಾಗಲಿಲ್ಲ!

ಈ ಕಥೆಯನ್ನು ಹೇಳಿ ಪಂಡಿತರು ತೆಗೆಯುವ ನೀತಿಯೇನು? ಸದಸ್ಯರು ಎಚ್ಚರವಾಗಿರಬೇಕಿತ್ತು, ಸಂಕೇತ ಓದಬೇಕಿತ್ತು. ಎಲ್ಲರೂ ಓದಿದ್ದರೆಂದೇ ಇಟ್ಟುಕೊಳ್ಳಿ. ಆಗ ಆಗುತ್ತಿದ್ದುದೇನು? ಸಾವಿರ ಮಂದಿ ಓದಿ, ತಿಳಿದು, ಬೇಡವೆಂದು ಕೈಯೆತ್ತಿದರೂ, ಒಂದು ಕ್ಷಣಕ್ಕೆ ಸಾಲ ತಂದ ಒಬ್ಬನ ತೂಕ ಅವರೆಲ್ಲರನ್ನೂ ಮೀರುತ್ತಿತ್ತು. ಕಿಲುಬು ಇರುವುದು ಓದಿನಲ್ಲಲ್ಲ, ತಕ್ಕಡಿಯಲ್ಲಿ.

ಆದುದರಿಂದ ಪ್ರಶ್ನೆಪತ್ರಿಕೆಯನ್ನು ತೆಗೆದು ನೋಡೋಣ ಎಂದೆ. ಅದರ ಮೊದಲ ಸಾಲಿನಲ್ಲಿಯೇ ಬರೆದಿದೆ: ನಾಣ್ಯಕ್ಕೊಂದು ಮತ. ಮನುಷ್ಯನಿಗಲ್ಲ. ಈ ಕಿರ್ದಿಗಳನ್ನು ಪರಿಶೀಲಿಸುವ ಚೈನಾಲಿಸಿಸ್ ಎಂಬ ಕಂಪನಿ 2022ರಲ್ಲಿ ಹತ್ತು ದೊಡ್ಡ ಸಂಸ್ಥೆಗಳ ಲೆಕ್ಕ ತೆಗೆದಿತ್ತು. ನಾಣ್ಯ ಇಟ್ಟುಕೊಂಡವರಲ್ಲಿ ನೂರಕ್ಕೆ ಒಬ್ಬನಿಗಿಂತಲೂ ಕಡಿಮೆ ಜನರ ಕೈಯಲ್ಲಿ ನೂರಕ್ಕೆ ತೊಂಬತ್ತು ಪಾಲು ಮತವಿತ್ತು. ಇದು ನಮ್ಮಂಥ ತಂಟೆಕೋರರು ಹೇಳಿದ್ದಲ್ಲ. ಆ ಬಜಾರದಲ್ಲೇ ವ್ಯಾಪಾರ ಮಾಡುವವರು ಹೇಳಿದ್ದು. ಹೀಗಿರುವಾಗ ಬಡ ಮತದಾರ ಬರುವುದಿಲ್ಲವೆಂದು ಗೊಣಗುವುದೇಕೆ? ಅವನು ಅಜ್ಞಾನಿಯಾದ್ದರಿಂದ ಬರುತ್ತಿಲ್ಲವೆಂದು ತಿಳಿಯಬೇಡಿ. ಅವನಿಗೆ ಲೆಕ್ಕ ಬರುತ್ತದೆ, ಅದಕ್ಕೇ ಬರುತ್ತಿಲ್ಲ. ನಮ್ಮ ಹುಡುಗ ಪಟ್ಟಿ ನೋಡಿದ ಎರಡು ನಿಮಿಷಕ್ಕೆ ಇಡೀ ಶಾಸ್ತ್ರವನ್ನು ಅರ್ಥ ಮಾಡಿಕೊಂಡ.

ಒಪ್ಪಬೇಕಾದ ಮಾತನ್ನು ಒಪ್ಪುತ್ತೇನೆ. 2021ರ ಸುಮಾರಿಗೆ ಎಥೀರಿಯಂ ಕಿರ್ದಿಯಲ್ಲಿ ನೇರವಾಗಿ ಮತ ದಾಖಲಿಸಬೇಕಾದರೆ ಒಂದೊಂದು ಮತಕ್ಕೆ ಹತ್ತಾರು ಡಾಲರು ಶುಲ್ಕ ಬೀಳುವ ದಿನಗಳಿದ್ದವು. ಮತದ ಬೆಲೆಗಿಂತ ಮತಗಟ್ಟೆಯ ಬಾಡಿಗೆ ಹೆಚ್ಚು. ಶುಲ್ಕವಿಲ್ಲದೆ ಅಭಿಪ್ರಾಯ ದಾಖಲಿಸುವ ವಿಧಾನಗಳು ಬಳಕೆಗೆ ಬಂದು ಆ ಭಾರ ಎಷ್ಟೋ ಇಳಿಯಿತು. ತಿಳಿದವನೊಬ್ಬನಿಗೆ ನಿಮ್ಮ ಮತವನ್ನು ಒಪ್ಪಿಸಿ ಅವನನ್ನು ಪ್ರತಿನಿಧಿ ಮಾಡಿಕೊಳ್ಳುವ ಪದ್ಧತಿಯೂ ಬಂದಿದೆ. ಒಳ್ಳೆಯದೆ. ಅಮೆರಿಕದ ದಕ್ಷಿಣ ಪ್ರಾಂತಗಳಲ್ಲಿ ನೀಗ್ರೋ ಜನರನ್ನು ಮತಗಟ್ಟೆಯಿಂದ ದೂರವಿಡಲು ಎರಡು ಉಪಾಯ ಮಾಡಿದ್ದರು: ಒಂದು ಮತಕ್ಕೆ ತೆರಿಗೆ, ಇನ್ನೊಂದು ಓದುಬರಹದ ಪರೀಕ್ಷೆ. 1964ರ ಸಂವಿಧಾನ ತಿದ್ದುಪಡಿ ಒಕ್ಕೂಟದ ಚುನಾವಣೆಗಳಲ್ಲಿ ಮೊದಲನೆಯದನ್ನು ತೆಗೆಯಿತು, 1965ರ ಮತಾಧಿಕಾರ ಕಾಯ್ದೆ ಎರಡನೆಯದರ ಕತ್ತು ಹಿಸುಕಿತು. ಆದರೆ ಅಲ್ಲಿನ ಹೋರಾಟಗಾರರು ತೆರಿಗೆ ತೆಗೆಸಿದ್ದು ಒಬ್ಬ ಮನುಷ್ಯನಿಗೆ ಒಂದು ಪೂರ್ತಿ ಮತ ಸಿಗಲೆಂದು. ತೋಟದ ಮಾಲೀಕನಿಗೆ ಹನ್ನೊಂದು ಲಕ್ಷ, ಕೂಲಿಗೆ ನಲವತ್ತು ಎಂದು ಹಂಚಿಕೊಳ್ಳಲಿಕ್ಕಲ್ಲ.

ಈ ತೂಕದ ಓಟು ನಮಗೆ ಹೊಸದಲ್ಲ. ನಮ್ಮ ಗದಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲ. 1935ರ ಕಾಯ್ದೆಯ ಮೇರೆಗೆ 1937ರಲ್ಲಿ ಚುನಾವಣೆ ನಡೆದಾಗ ಬ್ರಿಟಿಷ್ ಇಂಡಿಯಾದಲ್ಲೆಲ್ಲ ಮತವಿದ್ದವರು ಸುಮಾರು 3 ಕೋಟಿ ಮಾತ್ರ. ಕಂದಾಯ ಕಟ್ಟುವವನಿಗೆ ಓಟು, ಆಸ್ತಿಯಿದ್ದವನಿಗೆ ಓಟು, ಓದಿದವನಿಗೆ ಓಟು. ಉಳಿದವರು ಇನ್ನೂ ತಯಾರಾಗಿಲ್ಲ, ಮೊದಲು ವಿದ್ಯೆ ಕೊಡೋಣ, ಆಮೇಲೆ ನೋಡೋಣ ಎಂಬುದು ಆಗಿನ ದೊರೆಗಳ ಉಪದೇಶ. ಈಗಿನವರ ಉಪದೇಶಕ್ಕೂ ಅದಕ್ಕೂ ಒಂದಕ್ಷರ ವ್ಯತ್ಯಾಸ ಕಾಣುತ್ತದೆಯೇ?

ಆ ಉಪದೇಶಕ್ಕೆ ನಮ್ಮ ದೇಶ ಕೊಟ್ಟ ಉತ್ತರವನ್ನು ಬ್ಲಾಕ್‌ಚೈನಿನ ಪಂಡಿತರು ಒಮ್ಮೆ ಕಣ್ಣಿಟ್ಟು ನೋಡಬೇಕು. 1951ರ ಅಕ್ಟೋಬರಿನಿಂದ 1952ರ ಫೆಬ್ರವರಿಯವರೆಗೆ ನಡೆದ ಮೊದಲ ಮಹಾ ಚುನಾವಣೆಯಲ್ಲಿ ಮತದಾರರ ಸಂಖ್ಯೆ 17 ಕೋಟಿಗೂ ಮೇಲೆ. 1951ರ ಜನಗಣತಿಯ ಪ್ರಕಾರ ದೇಶದಲ್ಲಿ ಓದುಬರಹ ಬಲ್ಲವರು ನೂರಕ್ಕೆ ಹದಿನೆಂಟರಷ್ಟು. ಮೊದಲ ಚುನಾವಣಾ ಆಯುಕ್ತರಾದ ಸುಕುಮಾರ ಸೇನರು, ಜನ ಅಕ್ಷರ ಕಲಿಯುವವರೆಗೆ ಚುನಾವಣೆ ಬೇಡವೆನ್ನಲಿಲ್ಲ. ಪಕ್ಷಕ್ಕೊಂದು ಚಿಹ್ನೆ ಕೊಟ್ಟರು: ಎತ್ತು, ಗುಡಿಸಲು, ಮರ, ದೀಪ, ದಿನವೂ ಕಾಣುವ ವಸ್ತುಗಳು. ಅಭ್ಯರ್ಥಿಗೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಚಿಹ್ನೆ. ಮತದಾರ ಏನನ್ನೂ ಬರೆಯಬೇಕಾಗಿಲ್ಲ, ಓದಬೇಕಾಗಿಲ್ಲ. ಕಾಗದವನ್ನು ತನ್ನ ಚಿಹ್ನೆಯ ಪೆಟ್ಟಿಗೆಯಲ್ಲಿ ಹಾಕಿದರಾಯಿತು. ತಾಂತ್ರಿಕ ಜ್ಞಾನವಿಲ್ಲದವನಿಗೆ ಆಡಳಿತವನ್ನು ಸುಗಮ ಮಾಡುವುದೆಂದರೆ ಇದು. ಭಾರ ಹೊತ್ತದ್ದು ಕಚೇರಿ, ಮತದಾರನಲ್ಲ.

ಅದರಲ್ಲಿಯೂ ತಪ್ಪುಗಳಾದವು, ಮುಚ್ಚಿಡುವುದೇಕೆ? ಉತ್ತರದ ಪ್ರಾಂತಗಳಲ್ಲಿ ಹೆಚ್ಚಾಗಿ, ಸುಮಾರು 28 ಲಕ್ಷ ಹೆಂಗಸರ ಹೆಸರು ಪಟ್ಟಿಯಿಂದ ಹೋಯಿತು. ಅವರು ತಮ್ಮ ಹೆಸರು ಹೇಳದೆ ಇಂಥವನ ಹೆಂಡತಿ, ಇಂಥವನ ತಾಯಿ ಎಂದು ಬರೆಸಿದ್ದರು. ಗಂಡನ ಹೆಸರಿನ ಮರೆಯಲ್ಲಿ ನಿಂತವಳಿಗೆ ಮತವಿಲ್ಲವೆಂದು ಹೇಳಿದ್ದು ಕಠೋರವೆನಿಸಬಹುದು. ಆದರೆ ಆ ಕಠೋರತೆಯ ಹಿಂದಿದ್ದ ಮಾತು ಮತವು ಮನುಷ್ಯಳದು, ಅವಳೊಬ್ಬಳದೇ ಎಂಬುದು. ಹೆಸರಿಲ್ಲದ ಖಾತೆಗೆ ಹನ್ನೊಂದು ಲಕ್ಷ ಮತ ಕೊಡುವವರಿಗೆ ಇದು ತಿಳಿಯುವುದು ಕಷ್ಟ.

ಇನ್ನು ಸುಗಮ ಆಡಳಿತದ ಒಂದು ಚಂದದ ಮಾದರಿ ನೋಡಿ. ಆರ್ಬಿಟ್ರಮ್ ಎಂಬ ಸಂಸ್ಥೆ 2023ರ ಮಾರ್ಚಿಯಲ್ಲಿ ತನ್ನ ನಾಣ್ಯಗಳನ್ನು ಬಳಕೆದಾರರಿಗೆ ಹಂಚಿ, ಇನ್ನು ಮುಂದೆ ನೀವೇ ಒಡೆಯರು ಎಂದಿತು. ಮೊದಲ ಠರಾವು ಬಂತು. ಅದರಲ್ಲಿ ನಾನಾ ವಿಷಯಗಳ ನಡುವೆ ಇದ್ದದ್ದು, ಸಂಸ್ಥೆಯ ಪ್ರತಿಷ್ಠಾನಕ್ಕೆ 75 ಕೋಟಿ ನಾಣ್ಯ. ಆಗಿನ ಬೆಲೆಯಲ್ಲಿ ಸುಮಾರು 100 ಕೋಟಿ ಡಾಲರು. ಸದಸ್ಯರು ಬೇಡವೆಂದು ಮತ ಹಾಕತೊಡಗಿದರು. ಆಗ ಪ್ರತಿಷ್ಠಾನದವರು ಬಾಯಿಬಿಟ್ಟರು: ಇದು ನಿಮ್ಮ ಅಪ್ಪಣೆ ಕೇಳುವುದಕ್ಕಲ್ಲ, ಆಗಿಹೋದ ತೀರ್ಮಾನಕ್ಕೆ ನಿಮ್ಮ ಅನುಮೋದನೆಗಾಗಿ. 5 ಕೋಟಿ ನಾಣ್ಯ ಆಗಲೇ ಹೊರಗೆ ಹೋಗಿತ್ತು. 4 ಕೋಟಿ ಸಾಲವಾಗಿ, 1 ಕೋಟಿ ನಗದಾಗಿ. ಗದ್ದಲವೆದ್ದ ಮೇಲೆ ಠರಾವನ್ನು ಒಡೆದು ಬೇರೆಬೇರೆ ಮಾಡಿದರು. ಈ ಪ್ರಕರಣದಲ್ಲಿ ಸದಸ್ಯರ ಅಜ್ಞಾನ ಎಲ್ಲಿತ್ತು? ಅವರು ಓದಿದರು, ತಿಳಿದರು, ಬಂದರು, ಬೇಡವೆಂದರು. ಪಾಠ ಬೇಕಾಗಿದ್ದದ್ದು ಪೀಠದ ಮೇಲೆ ಕೂತವರಿಗೆ.

2024ರ ಜುಲೈ 28ರ ಭಾನುವಾರ ಕಾಂಪೌಂಡ್ ಎಂಬ ಇನ್ನೊಂದು ಸಂಸ್ಥೆಯಲ್ಲಿ, ಹಿಂದೆ ಪಾಸಾಗದೆ ಬಿದ್ದಿದ್ದ ಬೇಡಿಕೆಯನ್ನೇ ಒಂದು ಕೂಟ ಮತ್ತೆ ತಂದು, 6,82,191 ಮತಕ್ಕೆ 6,33,636 ಎಂದು ಗೆದ್ದುಕೊಂಡಿತು. ಕೇಳಿದ್ದು ಸುಮಾರು 2.4 ಕೋಟಿ ಡಾಲರಿನ ನಾಣ್ಯ. ಆಮೇಲೆ ಒಪ್ಪಂದವಾಗಿ ಅದನ್ನು ಕೈಬಿಟ್ಟರೆನ್ನಿ. ಆ ಮತಗಳ ಸಂಖ್ಯೆ ನೋಡಿ ಲಕ್ಷಾಂತರ ಜನ ಸಾಲು ನಿಂತರೆಂದು ತಿಳಿಯಬೇಡಿ; ಅವು ತಲೆಗಳಲ್ಲ, ತೂಕ.

ಇದಕ್ಕೆ ಬರುವ ಆಕ್ಷೇಪಣೆ ನನಗೆ ಗೊತ್ತಿದೆ. "ಹಣ ಹಾಕಿದವನಿಗೆ ಹೆಚ್ಚು ಮಾತಿರುವುದು ನ್ಯಾಯವಲ್ಲವೇ? ಕಂಪನಿಯಲ್ಲಿ ಶೇರಿಗೊಂದು ಓಟು ಇಲ್ಲವೇ?" ಇದೆ ಸ್ವಾಮಿ. ಹಾಗಾದರೆ ಕಂಪನಿಯೆಂದೇ ಬೋರ್ಡು ಹಾಕಿ. ಸಮುದಾಯ, ಪ್ರಜಾಪ್ರಭುತ್ವ, ಜನರ ಆಡಳಿತ ಎಂಬ ಮಾತುಗಳನ್ನು ನಮ್ಮ ಮನೆಯಿಂದ ಎರವಲು ತಂದು ಅಂಗಡಿಯ ಮುಂದೆ ತೂಗಹಾಕಬೇಡಿ. ನಮ್ಮ ಬೆಟಗೇರಿಯ ನೇಕಾರ ಶೇರು ಕೊಂಡರೆ ಶೇರು ಕೊಂಡೆನೆಂದು ತಿಳಿದೇ ಕೊಳ್ಳುತ್ತಾನೆ. ಓಟು ಬಂತೆಂದು ಪೇಢೆ ಹಂಚುವುದಿಲ್ಲ.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಗಟ್ಟಿಯಾದದ್ದು. ಈ ಕಿರ್ದಿಯಲ್ಲಿ ಯಾರು ಯಾರೆಂದು ತಿಳಿಯದು. ಒಬ್ಬನೇ ಸಾವಿರ ಖಾತೆ ತೆರೆದು ಸಾವಿರ ಮತ ಹಾಕಬಹುದು. ಆದುದರಿಂದ ನಾಣ್ಯವನ್ನೇ ಎಣಿಸಬೇಕಾಯಿತು ಎನ್ನುತ್ತಾರೆ. ತೊಡಕು ನಿಜವಾದದ್ದು. ಆದರೆ ಅದಕ್ಕೆ ಹುಡುಕಿದ ಪರಿಹಾರದ ಮಾದರಿಯನ್ನೂ ಕಂಡಿದ್ದೇವೆ. ವರ್ಲ್ಡ್‌ಕಾಯಿನ್ ಎಂಬ ಕಂಪನಿ 2023ರ ಜುಲೈಯಲ್ಲಿ, ಮನುಷ್ಯ ಒಬ್ಬನೇ ಎಂದು ಸಾಬೀತು ಮಾಡಲು ಕಣ್ಣಿನ ಪಾಪೆಯ ಗುರುತು ತೆಗೆಯಲು ಹೊರಟಿತು. ಕೀನ್ಯ ದೇಶದಲ್ಲಿ ಒಂದಿಷ್ಟು ನಾಣ್ಯದಾಸೆಗೆ ಬಡವರು ಸಾಲು ನಿಂತರು. ಆಗಸ್ಟಿನಲ್ಲಿ ಅಲ್ಲಿನ ಸರಕಾರ ತಡೆ ಹಾಕಿತು. 2025ರ ಮೇಯಲ್ಲಿ ಅಲ್ಲಿನ ಉಚ್ಚ ನ್ಯಾಯಾಲಯ ಸಂಗ್ರಹಿಸಿದ ಗುರುತುಗಳನ್ನು ಅಳಿಸಿಹಾಕಿರೆಂದು ಆಜ್ಞೆ ಮಾಡಿತು. ಮತ ಕೊಡುತ್ತೇನೆಂದು ಮನುಷ್ಯನ ಕಣ್ಣನ್ನೇ ಕೊಳ್ಳುವ ದಾರಿ ನಮಗೆ ಬೇಡ. ಊರಿನ ಸೊಸೈಟಿಯಲ್ಲಿ ಯಾರು ಯಾರೆಂದು ಊರಿಗೇ ಗೊತ್ತು. ಸಣ್ಣ ಸಂಘಗಳಾಗಿ ಒಡೆದು, ಒಬ್ಬರನ್ನೊಬ್ಬರು ಬಲ್ಲವರು ಪ್ರತಿನಿಧಿಯನ್ನು ಆರಿಸಿ ಮೇಲಕ್ಕೆ ಕಳುಹಿಸುವ ದಾರಿ ಇದೆ. ಕಾರ್ಡಾನೊ ಎಂಬ ಸಂಸ್ಥೆ ಆ ದಿಕ್ಕಿನಲ್ಲಿ ಅರ್ಧ ದಾರಿ ನಡೆಯಿತು. 2024ರಲ್ಲಿ ಹತ್ತಾರು ದೇಶಗಳಲ್ಲಿ ಸಭೆ ಸೇರಿಸಿ, ಪ್ರತಿನಿಧಿಗಳನ್ನು ಆರಿಸಿ, ಡಿಸೆಂಬರಿನಲ್ಲಿ ಬ್ಯೂನಸ್ ಐರಿಸ್ ಮತ್ತು ನೈರೋಬಿಯಲ್ಲಿ ಕೂಡಿಸಿ ಒಂದು ಸಂವಿಧಾನದ ಕರಡನ್ನು ಚರ್ಚಿಸಿದರು. ಮನುಷ್ಯರು ಎದುರುಬದುರು ಕೂತು ಮಾತಾಡಿದರು, ಮೆಚ್ಚತಕ್ಕದ್ದೆ. ಆದರೆ 2025ರಲ್ಲಿ ಕೊನೆಯ ಮಂಜೂರಾತಿ ಬಂದಾಗ ತಕ್ಕಡಿ ಮತ್ತೆ ನಾಣ್ಯದ ಕಡೆಗೇ ವಾಲಿತು.

ಮನುಷ್ಯನಿಗೊಂದು ಮತ ಎಂಬ ನಿಯಮದಿಂದ ಹಣದ ಸಂಸ್ಥೆ ನಡೆಯದು ಎನ್ನುವವರನ್ನು ನಾನು ಕಣಗಿನಹಾಳಕ್ಕೆ ಕರೆದೊಯ್ಯುತ್ತೇನೆ. ನಮ್ಮ ತಾಲೂಕಿನದೇ ಹಳ್ಳಿ. 1905ರಲ್ಲಿ ಸಿದ್ಧನಗೌಡ ಪಾಟೀಲರು ಅಲ್ಲಿ ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘ ದೇಶದಲ್ಲೇ ಮೊದಲನೆಯದು. ಅದಕ್ಕೂ ಹಿಂದೆ, 1844ರಲ್ಲಿ, ಇಂಗ್ಲೆಂಡಿನ ರಾಚ್‌ಡೇಲ್ ಊರಿನಲ್ಲಿ 28 ಮಂದಿ, ಹಲವರು ನಮ್ಮ ಬೆಟಗೇರಿಯವರಂತೆ ನೇಕಾರರೇ, ಹಿಟ್ಟು ಬೆಣ್ಣೆ ಮಾರುವ ಅಂಗಡಿ ಹಾಕಿ, ಶೇರು ಎಷ್ಟೇ ಇರಲಿ ಸದಸ್ಯನಿಗೆ ಒಂದೇ ಮತ ಎಂದು ನಡೆದುಕೊಂಡರು. ನಮ್ಮ ರಾಜ್ಯದ 1959ರ ಸಹಕಾರ ಸಂಘಗಳ ಕಾಯ್ದೆಯಲ್ಲಿಯೂ ಅದೇ ನಿಯಮ. ನೂರು ಶೇರಿನ ಜಮೀನುದಾರನೂ ಒಂದು ಶೇರಿನ ಒಕ್ಕಲಿಗನೂ ಸಭೆಯಲ್ಲಿ ಎತ್ತುವುದು ಒಂದೊಂದೇ ಕೈ.

ಇಲ್ಲಿ ನಾವೂ ತಲೆ ತಗ್ಗಿಸಬೇಕಾದ ಸಂಗತಿಯಿದೆ. ಆ ಕೈಯನ್ನು ನಾವು ಎಷ್ಟು ಸಲ ಎತ್ತಿದ್ದೇವೆ? ನಾನೇ ಸದಸ್ಯನಾಗಿದ್ದ ಒಂದು ಸೊಸೈಟಿಯ ವಾರ್ಷಿಕ ಸಭೆಗೆ ಹೋಗಿದ್ದೆ. ಜಮಾಖರ್ಚಿನ ತಖ್ತೆಯನ್ನು ಒಬ್ಬರು ರೈಲು ಓಡಿದಂತೆ ಓದಿದರು. "ಮಂಜೂರ?" ಎಂದರು. ಹಿಂದಿನಿಂದ ನಾಲ್ಕು ಜನ "ಮಂಜೂರ" ಎಂದರು. ಅಷ್ಟರಲ್ಲಿ ಚಹಾ ಚೂಡಾ ಬಂತು. ಲೆಕ್ಕದ ಪ್ರತಿ ಬೇಕೆಂದು ಎದ್ದುನಿಂತವನು ನಾನೊಬ್ಬ. "ಮಾಸ್ತರ್ರ, ಕೂಡ್ರಿ, ಚಹಾ ಆರತೈತಿ" ಎಂದರು. ಕೂತುಬಿಟ್ಟೆ. ಅದು ಇಂದಿಗೂ ಚುಚ್ಚುತ್ತದೆ. ಮನುಷ್ಯನಿಗೊಂದು ಮತ ಇದ್ದೂ ಸುಮ್ಮನೆ ಕೂತವರು ನಾವು. ಆದರೆ ನಮಗೂ ಆ ನಾಣ್ಯದ ಸಂಸ್ಥೆಗೂ ಒಂದು ಭೇದವಿದೆ: ನಾಳೆ ಇಪ್ಪತ್ತು ಜನ ಒಟ್ಟಾಗಿ ಎದ್ದುನಿಂತರೆ ನಮ್ಮ ಸೊಸೈಟಿಯ ಅಧ್ಯಕ್ಷ ಲೆಕ್ಕ ಕೊಡಲೇಬೇಕು. ಅಲ್ಲಿ ಇಪ್ಪತ್ತು ಸಾವಿರ ಜನ ಎದ್ದರೂ ಅವರ ತೂಕ ಒಬ್ಬನ ತೂಕಕ್ಕೆ ಕಡಿಮೆ ಬಿದ್ದರೆ ಮುಗಿಯಿತು.

ಈ ನಾಣ್ಯಗಳಲ್ಲಿ ಹಣ ಹಾಕಿರುವ ನಮ್ಮ ಹುಡುಗರನ್ನು ಬೈದು ಪ್ರಯೋಜನವಿಲ್ಲ. 2022ರ ಏಪ್ರಿಲಿನಿಂದ ಇವುಗಳ ಲಾಭದ ಮೇಲೆ ನೂರಕ್ಕೆ ಮೂವತ್ತು ತೆರಿಗೆ ಬಿತ್ತು. ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭಕ್ಕೆ ವಜಾ ಹಾಕುವಂತಿಲ್ಲವೆಂದೂ ಆಯಿತು. ಸರಕಾರ ತನ್ನ ಪಾಲಿಗೆ ಕೈಚಾಚಿತು. ಹುಡುಗರ ಮತದ ಗತಿಯೇನೆಂದು ಯಾರೂ ಕೇಳಲಿಲ್ಲ. ಅವರ ಪರವಾಗಿ ಕೇಳಬೇಕಾದದ್ದು ಇಷ್ಟು. ಜನರ ಹಣ ಎತ್ತುವ ಯಾವ ಸಂಸ್ಥೆಯೇ ಆಗಲಿ, ಠರಾವನ್ನು ಸದಸ್ಯರ ಭಾಷೆಯಲ್ಲಿ ಬರೆಯಬೇಕು. ಆ ಬರಹಕ್ಕೂ ಸಂಕೇತಕ್ಕೂ ವ್ಯತ್ಯಾಸ ಬಂದರೆ ಬರಹವೇ ಊರ್ಜಿತವಾಗಬೇಕು. ಓದಲು ಒಂದು ದಿನವಲ್ಲ, ಕೆಲಸಗಾರನಿಗೆ ಒಂದು ವಾರದ ರಜೆಯ ದಿನವಾದರೂ ಒಳಗೊಳ್ಳುವಷ್ಟು ಕಾಲ ಕೊಡಬೇಕು. ನಿನ್ನೆ ಸಾಲ ತಂದು ಕೊಂಡ ನಾಣ್ಯಕ್ಕೆ ಇಂದು ಮತವಿರಬಾರದು. ಇವೆಲ್ಲ ಆದ ಮೇಲೂ ತೂಕದ ಓಟು ಉಳಿದರೆ, ಬೋರ್ಡಿನಿಂದ ಸಮುದಾಯ ಎಂಬ ಹೆಸರನ್ನು ಅಳಿಸಬೇಕು.

ಬರುವ ಭಾನುವಾರ ಸಂಜೆ ಐದು ಗಂಟೆಗೆ ಯೂನಿಯನ್ ಕಚೇರಿಯಲ್ಲಿ ಕೂಡುತ್ತೇವೆ. ಆ ಹುಡುಗ ತನ್ನ ಹದಿಮೂರು ಪುಟದ ಠರಾವನ್ನು ತರುತ್ತಾನೆ. ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುವ ನಮ್ಮೂರ ಇನ್ನೊಬ್ಬ ಹುಡುಗ ರಜೆಗೆ ಬಂದಿದ್ದಾನೆ, ಅವನು ಅದನ್ನು ಸಾಲುಸಾಲಾಗಿ ಕನ್ನಡದಲ್ಲಿ ಬಿಡಿಸಿ ಹೇಳಲು ಒಪ್ಪಿದ್ದಾನೆ. ಅದರ ಜೊತೆಗೆ ನಿಮ್ಮ ನಿಮ್ಮ ಸೊಸೈಟಿಯ ಬೈಲಾ ಪುಸ್ತಕವನ್ನೂ, ಹೋದ ವರ್ಷದ ಜಮಾಖರ್ಚಿನ ಪ್ರತಿಯನ್ನೂ ತನ್ನಿ. ಪ್ರತಿ ಕೊಡಲಿಲ್ಲವೆಂದಾದರೆ, ಯಾರು ಕೊಡಲಿಲ್ಲ, ಏನು ಹೇಳಿ ಕಳುಹಿಸಿದರು ಎಂಬುದನ್ನು ಬರೆದುಕೊಂಡು ಬನ್ನಿ. ಚಹಾ ಸಭೆ ಮುಗಿದ ಮೇಲೆ.